ಕೇನ್ಸ್ ಮತ್ತು ಎರಡು ಹುಂಡಿ: ಒಂದು ಕೇಂಬ್ರಿಡ್ಜ್ ಕಾಲೇಜಿನದು, ಇನ್ನೊಂದು ನಮ್ಮದು

ಪ್ರತಿ ಬಜೆಟ್ ಹೊತ್ತಿಗೂ ನಮ್ಮ ಟೈಮ್‌ಲೈನ್‌ಗಳಲ್ಲಿ ಒಂದು ಹೆಸರು ಓಡಾಡುತ್ತೆ: ಜಾನ್ ಮೇನಾರ್ಡ್ ಕೇನ್ಸ್. ಸರ್ಕಾರ ಸಾಲ ಮಾಡಿಯಾದರೂ ಖರ್ಚು ಮಾಡಬೇಕು ಅನ್ನೋರು ಆತನನ್ನು ಸಾಕ್ಷಿಗೆ ಕರೀತಾರೆ. ಗ್ಯಾರಂಟಿ ಯೋಜನೆಗಳಿಂದ ಖಜಾನೆ ಬರಿದಾಯ್ತು ಅನ್ನೋರು ಆತನನ್ನೇ ಬೈತಾರೆ. ಈ ಎರಡೂ ಬಣಗಳು ಅಷ್ಟಾಗಿ ನೋಡದ ಇನ್ನೊಬ್ಬ ಕೇನ್ಸ್ ಇದ್ದಾನೆ. ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನ ದುಡ್ಡನ್ನು 1924ರಿಂದ ಸಾಯೋವರೆಗೆ, ಅಂದರೆ 22 ವರ್ಷ, ಮುಖ್ಯ ಖಜಾಂಚಿಯಾಗಿ ನೋಡಿಕೊಂಡವನು ಆತ. ದೀರ್ಘಾವಧಿಯನ್ನು ಲೇವಡಿ ಮಾಡಿದ ಒಂದು ಸಾಲಿನಿಂದ ಜಗತ್ತಿಗೆಲ್ಲ ಪರಿಚಯವಾದ ಮನುಷ್ಯ, ತನ್ನ ಕಾಲದಲ್ಲಿ ದೀರ್ಘಾವಧಿ ಹೂಡಿಕೆಯನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿ ತೋರಿಸಿದವರಲ್ಲಿ ಒಬ್ಬ ಅನ್ನೋದು ತಮಾಷೆಯ ಸಂಗತಿ.

ಈ ಕತೆ ಈಗ್ಯಾಕೆ? ಎರಡು ಕಾರಣಕ್ಕೆ. ಒಂದು, ಪಿಂಚಣಿ ಜಗಳ. 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದ ಕರ್ನಾಟಕದ ಸರ್ಕಾರಿ ನೌಕರರು ಹಳೇ ಪಿಂಚಣಿಗಾಗಿ ಬೀದಿಗಿಳಿದಿದ್ದನ್ನು ನೋಡಿದ್ದೇವೆ. ಎರಡನೇದು, ನಮ್ಮ ವಯಸ್ಸಿನವರ ಮೊಬೈಲ್‌ಗಳಲ್ಲಿ ನಡೀತಿರೋ ಫ್ಯೂಚರ್ಸ್-ಆಪ್ಷನ್ಸ್ ಆಟ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಬಿಡುಗಡೆ ಮಾಡಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಈ ಆಟಕ್ಕಿಳಿದ ಬಿಡಿ ವ್ಯಾಪಾರಿಗಳಲ್ಲಿ ಶೇ. 93ರಷ್ಟು ಜನ ಕಳೆದುಕೊಂಡವರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಮುಪ್ಪಿಗೆ ಕೂಡಿಟ್ಟ ದುಡ್ಡು ಎಲ್ಲಿ ಇರಬೇಕು, ಅದು ಕರಗಿದರೆ ಹೊಣೆ ಯಾರದು ಅನ್ನೋದು ಬರೀ ಪರ್ಸನಲ್ ಫೈನಾನ್ಸ್ ಪ್ರಶ್ನೆ ಅಲ್ಲ, ರಾಜಕೀಯ ಪ್ರಶ್ನೆ. ಕೇನ್ಸ್ ಈ ಪ್ರಶ್ನೆಯ ಎಲ್ಲ ಮಗ್ಗುಲಲ್ಲೂ ನಿಂತು ನೋಡಿದವನು. ಜೂಜಾಡಿ ಮುಳುಗಿದ, ಕಾಲೇಜಿನ ನಿಧಿ ಬೆಳೆಸಿದ, ವಿಮಾ ಕಂಪನಿಯಿಂದ ಹೊರಬಿದ್ದ. ಕೊನೆಗೆ ಬ್ರಿಟಿಷ್ ಖಜಾನೆಯ ಪರವಾಗಿ, ಭಾರತದ ಉಳಿತಾಯಕ್ಕೆ ಎದುರಾಗಿ ಕೂತ.

ಭಾರತ ನೋಡದ ಭಾರತ ತಜ್ಞ

1883ರ ಜೂನ್ 5ರಂದು ಕೇಂಬ್ರಿಡ್ಜ್‌ನಲ್ಲಿ ಹುಟ್ಟು. ಅಪ್ಪ ಜಾನ್ ನೆವಿಲ್ ಕೇನ್ಸ್ ಅದೇ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ, ಅರ್ಥಶಾಸ್ತ್ರ ಕಲಿಸುತ್ತಿದ್ದವರು. ಅಮ್ಮ ಫ್ಲಾರೆನ್ಸ್ ಸಮಾಜಸೇವಕಿ, ಮುಂದೆ ಆ ಊರಿನ ಮೇಯರ್ ಆದವರು. ಈಟನ್ ಶಾಲೆ, ಆಮೇಲೆ ಕಿಂಗ್ಸ್ ಕಾಲೇಜಿನಲ್ಲಿ ಗಣಿತ. ಅಂದರೆ ಅರ್ಥಶಾಸ್ತ್ರದ ದಾರಿ ಬದಲಿಸಿದವನ ಪದವಿ ಅರ್ಥಶಾಸ್ತ್ರದ್ದಲ್ಲ.

1906ರ ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ಎರಡನೇ ಸ್ಥಾನ ಬಂತು. ಮೊದಲ ಸ್ಥಾನದವನು ಖಜಾನೆ ಇಲಾಖೆಗೆ ಹೋದ. ಕೇನ್ಸ್ ಪಾಲಿಗೆ ಬಂದದ್ದು ಲಂಡನ್‌ನ ಇಂಡಿಯಾ ಆಫೀಸ್. ಅಲ್ಲಿ ಸಿಕ್ಕ ಮೊದಲ ದೊಡ್ಡ ಕೆಲಸ ಏನು ಗೊತ್ತಾ? ಹತ್ತು ಆಯರ್‌ಶೈರ್ ಹೋರಿಗಳನ್ನು ಹಡಗಿಗೆ ಹತ್ತಿಸಿ ಬೊಂಬಾಯಿಗೆ ಕಳಿಸೋದು. ಎರಡು ವರ್ಷಕ್ಕೇ ಬೇಜಾರಾಗಿ ರಾಜೀನಾಮೆ ಕೊಟ್ಟು ಕೇಂಬ್ರಿಡ್ಜ್‌ಗೆ ವಾಪಸಾದ. ಆದರೆ ಭಾರತ ಬಿಡಲಿಲ್ಲ. 1913ರಲ್ಲಿ ಬಂದ ಆತನ ಮೊದಲ ಪುಸ್ತಕ ಭಾರತದ ಕರೆನ್ಸಿ ಮತ್ತು ಹಣಕಾಸಿನ ಬಗ್ಗೆ. ಅದೇ ವರ್ಷ ಭಾರತದ ಹಣಕಾಸು ಕುರಿತ ರಾಯಲ್ ಕಮಿಷನ್‌ನಲ್ಲಿ ಸದಸ್ಯತ್ವವೂ ಸಿಕ್ಕಿತು. ಭಾರತಕ್ಕೆ ಮಾತ್ರ ಜೀವಮಾನದಲ್ಲಿ ಒಮ್ಮೆಯೂ ಬರಲಿಲ್ಲ.

ಆ ಪುಸ್ತಕದಲ್ಲಿ ಭಾರತೀಯರ ಚಿನ್ನದ ಮೋಹದ ಬಗ್ಗೆ ಆತನಿಗೆ ಅಸಮಾಧಾನ ಇತ್ತು. ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟು ಕೂತರೆ ಬಂಡವಾಳ ದುಡಿಯೋದಿಲ್ಲ, ದೇಶಕ್ಕೆ ನಷ್ಟ ಅನ್ನೋ ವಾದ. ಅದರಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಬ್ಯಾಂಕು ಇಲ್ಲದ ಊರಿನಲ್ಲಿ, ಬರ ಬಿದ್ದ ವರ್ಷ ಮನೆ ಉಳಿಸುತ್ತಿದ್ದದ್ದು ಹೆಂಗಸರ ಮೈಮೇಲಿನ ಒಡವೆಯೇ. ಮಳೆ ಕೈಕೊಟ್ಟಾಗ ಹೊಲ ಸೋಲುತ್ತೆ, ಚಿನ್ನ ಸೋಲಲ್ಲ. ಇದು ಲಂಡನ್ನಿನ ಕಡತಗಳಲ್ಲಿ ಕಾಣುವ ಲೆಕ್ಕ ಅಲ್ಲ. ಇಪ್ಪತ್ತು ವರ್ಷದ ನಂತರ ಕೇನ್ಸ್ ತನ್ನದೇ ದಾರಿಯಲ್ಲಿ ಇದೇ ಲೆಕ್ಕಕ್ಕೆ ಬಂದ. ಅದನ್ನು ಮುಂದೆ ನೋಡೋಣ.

ಸರಿಯಾದ ಅಂದಾಜು, ಖಾಲಿಯಾದ ಜೇಬು

ಮೊದಲ ಮಹಾಯುದ್ಧದ ಹೊತ್ತಿಗೆ ಕೇನ್ಸ್ ಖಜಾನೆ ಇಲಾಖೆಯ ಆಯಕಟ್ಟಿನ ಜಾಗದಲ್ಲಿದ್ದ. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಜರ್ಮನಿ ಮೇಲೆ ಹೇರಿದ ದಂಡ ನೋಡಿ, ಇದರಿಂದ ಯುರೋಪೇ ಹಾಳಾಗುತ್ತೆ ಅಂತ ರಾಜೀನಾಮೆ ಕೊಟ್ಟು ಎದ್ದುಬಂದ. ಆ ವರ್ಷದ ಕೊನೆಗೆ ಬರೆದ ಪುಸ್ತಕ ಆತನನ್ನು ರಾತ್ರೋರಾತ್ರಿ ಪ್ರಸಿದ್ಧನನ್ನಾಗಿಸಿತು.

ತನ್ನ ಅಂದಾಜಿನ ಮೇಲೆ ದುಡ್ಡನ್ನೂ ಹಾಕಿದ. ಗೆಳೆಯ ಆಸ್ವಾಲ್ಡ್ ಫಾಕ್ ಜೊತೆ ಸೇರಿ 1920ರ ಆರಂಭದಲ್ಲಿ ಒಂದು ಕೂಟ ಕಟ್ಟಿ ವಿದೇಶಿ ಕರೆನ್ಸಿ ಸಟ್ಟಾ ಶುರುಮಾಡಿದ. ಬ್ಲೂಮ್ಸ್‌ಬರಿಯ ಕಲಾವಿದ ಗೆಳೆಯರ ದುಡ್ಡೂ ಅದರಲ್ಲಿತ್ತು. ಯುದ್ಧದಿಂದ ಸೋತು ಸುಣ್ಣವಾದ ಯುರೋಪಿನ ಕರೆನ್ಸಿಗಳು ಬೀಳ್ತವೆ, ಡಾಲರ್ ಏಳುತ್ತೆ ಅನ್ನೋದು ಲೆಕ್ಕಾಚಾರ. ಅದೂ ಸಾಲದ ದುಡ್ಡಿನಲ್ಲಿ, ಕೈಯಲ್ಲಿದ್ದ ಬಂಡವಾಳದ ಎಷ್ಟೋ ಪಟ್ಟು.

ದೊಡ್ಡ ಚಿತ್ರದಲ್ಲಿ ಆತನ ಲೆಕ್ಕ ತಪ್ಪಿರಲಿಲ್ಲ. ಮೂರು ವರ್ಷದೊಳಗೆ ಜರ್ಮನ್ ಮಾರ್ಕ್ ಕಾಗದದ ಚೂರಾಯ್ತು. ಆದರೆ 1920ರ ಮೇ ತಿಂಗಳಲ್ಲಿ ಕೆಲವು ವಾರ ಮಾರ್ಕ್ ಮೇಲೆದ್ದಿತು. ಅಷ್ಟೇ ಸಾಕಾಯ್ತು. ಸಾಲ ಕೊಟ್ಟ ದಲ್ಲಾಳಿ ಇನ್ನಷ್ಟು ಹಣ ಕೇಳಿದ, ಕೊಡೋಕೆ ಇರಲಿಲ್ಲ, ಎಲ್ಲ ಮುಳುಗಿತು. ದೊಡ್ಡ ಲೇವಾದೇವಿಗಾರ ಸರ್ ಅರ್ನೆಸ್ಟ್ ಕ್ಯಾಸೆಲ್ ಕೊಟ್ಟ 5,000 ಪೌಂಡ್ ಕೈಸಾಲ, ಪುಸ್ತಕದ ರಾಯಧನದ ಮುಂಗಡ, ಇವುಗಳಿಂದ ಹೇಗೋ ದಿವಾಳಿ ತಪ್ಪಿಸಿಕೊಂಡ. ಮತ್ತೆ ಆಟಕ್ಕಿಳಿದು ಎರಡು ವರ್ಷದಲ್ಲಿ ಸಾಲ ತೀರಿಸಿದ ಅನ್ನೋದು ನಿಜ. ಆದರೆ ಅಂಥ ಮುಂಗಡ, ಅಂಥ ಕ್ಯಾಸೆಲ್ ಎಲ್ಲರಿಗೂ ಸಿಗೋದಿಲ್ಲ. ಆಪ್ಷನ್ಸ್ ಆಡಿ ಸಾಲದ ಆ್ಯಪ್‌ಗಳ ಕೈಗೆ ಸಿಕ್ಕಿಬಿದ್ದ ಹುಡುಗರಿಗಂತೂ ಸಿಗೋದಿಲ್ಲ.

ಮುಂದೆ ಏನಾಗುತ್ತೆ ಅಂತ ಗೊತ್ತಿದ್ದರೆ ಸಾಲದು, ಅದು ಆಗೋವರೆಗೆ ತಡೆದುಕೊಳ್ಳೋ ಶಕ್ತಿಯೂ ಬೇಕು ಅನ್ನೋ ಪಾಠ ಇದು. ಸಾಲದ ದುಡ್ಡಿಗೆ ಆ ಶಕ್ತಿ ಇಲ್ಲ. ಯಾವ ದುಡ್ಡಿಗಿದೆ?

ಸಾವಿಲ್ಲದ ಯಜಮಾನನ ದುಡ್ಡು

ಉತ್ತರ ಆತನ ಕಣ್ಣೆದುರೇ ಇತ್ತು. ಕಿಂಗ್ಸ್ ಕಾಲೇಜು 1441ರಲ್ಲಿ ಸ್ಥಾಪನೆಯಾದದ್ದು. ಅದಕ್ಕೆ ನಿವೃತ್ತಿ ಇಲ್ಲ, ಮಗಳ ಮದುವೆ ಇಲ್ಲ, ಆಸ್ಪತ್ರೆ ಬಿಲ್ ಇಲ್ಲ. ಪ್ರತಿ ವರ್ಷ ಇಂತಿಷ್ಟು ಆದಾಯ ಬಂದರೆ ಸಾಕು, ಅಸಲನ್ನು ಇನ್ನೂರು ವರ್ಷ ಮುಟ್ಟದೆ ಇಡಬಹುದು.

ಆಗ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನ ಕಾಲೇಜುಗಳ ಆಸ್ತಿ ಅಂದರೆ ಮುಖ್ಯವಾಗಿ ಜಮೀನು ಮತ್ತು ಸರ್ಕಾರಿ ಬಾಂಡು. ಟ್ರಸ್ಟಿಗಳ ಕೈಲಿರೋ ದುಡ್ಡನ್ನು ಭದ್ರ ಸಾಲಪತ್ರಗಳಲ್ಲೇ ಇಡಬೇಕು ಅಂತ ಕಾನೂನೂ ಇತ್ತು. ಷೇರು ಅಂದರೆ ಸಟ್ಟಾದವರ ವ್ಯವಹಾರ ಅನ್ನೋ ನಂಬಿಕೆ. ಆದರೆ ಯುದ್ಧ ಈ ಭದ್ರತೆಯ ಬಣ್ಣ ಬಯಲು ಮಾಡಿತ್ತು. 1914ರಿಂದ 1920ರ ನಡುವೆ ಬ್ರಿಟನ್‌ನಲ್ಲಿ ಬೆಲೆಗಳು ಎರಡು ಪಟ್ಟಿಗೂ ಹೆಚ್ಚಾದವು. ಬಾಂಡಿನ ಬಡ್ಡಿ ಹೇಳಿದ ದಿನಕ್ಕೆ ಬರುತ್ತಲೇ ಇತ್ತು, ಅದರಿಂದ ಕೊಳ್ಳಬಹುದಾದ ಬ್ರೆಡ್ಡು ಮಾತ್ರ ಅರ್ಧಕ್ಕೂ ಕಡಿಮೆಯಾಗಿತ್ತು. ಹಣದುಬ್ಬರ ಉಳಿತಾಯಗಾರನ ಜೇಬಿಗೆ ಹೇಗೆ ಕತ್ತರಿ ಹಾಕುತ್ತೆ ಅನ್ನೋದನ್ನು ಕೇನ್ಸ್ 1923ರ ಪುಸ್ತಕದಲ್ಲಿ ಬಿಡಿಸಿ ಬರೆದ. ದೀರ್ಘಾವಧಿ ಬಗ್ಗೆ ಆ ಪ್ರಸಿದ್ಧ ಲೇವಡಿ ಇರೋದೂ ಅದರಲ್ಲೇ.

ಕಾಲೇಜಿನ ಸಹೋದ್ಯೋಗಿಗಳನ್ನು ಒಪ್ಪಿಸಿ, ಜಮೀನಿನ ಒಂದು ಭಾಗ ಮಾರಿಸಿ, ಟ್ರಸ್ಟಿ ಕಾನೂನಿನ ಕಟ್ಟು ಇಲ್ಲದ ಪ್ರತ್ಯೇಕ ನಿಧಿಯೊಂದನ್ನು ತನ್ನ ವಿವೇಚನೆಗೆ ಬಿಡಿಸಿಕೊಂಡ. ಅದನ್ನು ಮುಖ್ಯವಾಗಿ ಕಂಪನಿ ಷೇರುಗಳಿಗೆ ಹಾಕಿದ. ಲಾಭವನ್ನೆಲ್ಲ ಹಂಚದೆ ಒಂದು ಪಾಲನ್ನು ಮತ್ತೆ ವ್ಯವಹಾರಕ್ಕೇ ಹಾಕೋ ಕಂಪನಿಯಲ್ಲಿ ಚಕ್ರಬಡ್ಡಿ ತನ್ನಿಂತಾನೇ ಕೆಲಸ ಮಾಡ್ತಿರುತ್ತೆ ಅನ್ನೋದು ಎಡ್ಗರ್ ಲಾರೆನ್ಸ್ ಸ್ಮಿತ್ ಎಂಬ ಅಮೆರಿಕನ್ನನ 1924ರ ಪುಸ್ತಕದಿಂದ ಆತನಿಗೆ ಖಾತ್ರಿಯಾಗಿತ್ತು. ಇವತ್ತು ವಿಶ್ವವಿದ್ಯಾಲಯದ ನಿಧಿಗಳು ಷೇರಿನಲ್ಲಿರೋದು ಮಾಮೂಲಿ. ಆಗ ಅದು ಮಡಿವಂತರ ಮನೆಯಲ್ಲಿ ಮೀನು ಬೇಯಿಸಿದ ಹಾಗೆ.

ಆದರೆ ಮೊದಲ ಹತ್ತು ವರ್ಷ ಆತ ದೊಡ್ಡ ಹೂಡಿಕೆದಾರ ಏನೂ ಆಗಿರಲಿಲ್ಲ. ತಾನು ಅರ್ಥಶಾಸ್ತ್ರಜ್ಞ, ಆರ್ಥಿಕತೆಯ ಏರಿಳಿತ ತನಗೆ ಮೊದಲೇ ಗೊತ್ತಾಗುತ್ತೆ, ಏರೋ ಮುಂಚೆ ಕೊಂಡು ಇಳಿಯೋ ಮುಂಚೆ ಮಾರ್ತೀನಿ ಅನ್ನೋ ಭರವಸೆಯಲ್ಲಿ ಷೇರು, ಬಾಂಡು, ಹತ್ತಿ, ರಬ್ಬರ್, ತವರ, ಗೋಧಿ ಎಲ್ಲದರಲ್ಲೂ ಒಳಗೆ ಹೊರಗೆ ಓಡಾಡಿದ. ಕಿಂಗ್ಸ್‌ನ ಹಳೇ ಲೆಕ್ಕಪುಸ್ತಕಗಳನ್ನು ತೆಗೆದು ಡೇವಿಡ್ ಚೇಂಬರ್ಸ್ ಮತ್ತು ಎಲ್ರಾಯ್ ಡಿಮ್ಸನ್ ಎಂಬ ಸಂಶೋಧಕರು ಅಧ್ಯಯನ ಮಾಡಿದ್ದಾರೆ. 1929ರ ಆಗಸ್ಟ್ ಹೊತ್ತಿಗೆ ಆತನ ನಿಧಿ ಬ್ರಿಟಿಷ್ ಷೇರುಪೇಟೆಯ ಸರಾಸರಿಗಿಂತ ಸುಮಾರು ಶೇ. 17ರಷ್ಟು ಹಿಂದೆ ಬಿದ್ದಿತ್ತು. ಅದೂ ವಾಲ್‌ಸ್ಟ್ರೀಟ್ ಕುಸಿಯೋ ಮುಂಚೆ! ಸ್ವಂತ ಗಂಟಿನ ಕತೆ ಇನ್ನೂ ಕೆಟ್ಟದ್ದು. 1927ರ ಕೊನೆಗೆ 44,000 ಪೌಂಡ್ ಇದ್ದ ಆಸ್ತಿ 1929ರ ಕೊನೆಗೆ 8,000 ಪೌಂಡಿಗಿಂತ ಕೆಳಗೆ ಇಳಿದಿತ್ತು. ಮಹಾ ಕುಸಿತ ಬರ್ತಿರೋದು ಶತಮಾನದ ಅತಿ ದೊಡ್ಡ ಅರ್ಥಶಾಸ್ತ್ರಜ್ಞನಿಗೂ ಕಾಣಲಿಲ್ಲ. ಯೂಟ್ಯೂಬ್‌ನಲ್ಲಿ ನಾಳೆ ನಿಫ್ಟಿ ಎಲ್ಲಿರುತ್ತೆ ಅಂತ ಹೇಳೋರ ವಿಡಿಯೊ ನೋಡುವಾಗ ಇದು ನೆನಪಿರಲಿ.

ಒಂದೇ ಟ್ರಾನ್ಸ್‌ಫಾರ್ಮರಿನ ಎರಡು ಪಂಪ್‌ಸೆಟ್

1930ರ ದಶಕದಲ್ಲಿ ಆತ ದಾರಿ ಬದಲಿಸಿದ. ಪೇಟೆಯ ಏರಿಳಿತ ಊಹಿಸೋ ಕೆಲಸ ಬಿಟ್ಟ. 1938ರಲ್ಲಿ ಕಾಲೇಜಿನ ಸಮಿತಿಗೆ ಸಲ್ಲಿಸಿದ ಟಿಪ್ಪಣಿಯಲ್ಲಿ ತನ್ನ ಅನುಭವದ ಸಾರವನ್ನು ಮೂರು ಸೂತ್ರವಾಗಿ ಇಟ್ಟ. ನನ್ನ ಮಾತಲ್ಲಿ ಹೇಳೋದಾದರೆ ಹೀಗೆ. ಮೊದಲನೇದು, ನಿಜವಾದ ಯೋಗ್ಯತೆಗಿಂತ ಅಗ್ಗದಲ್ಲಿ ಸಿಗುತ್ತಿರೋ ಕೆಲವೇ ಹೂಡಿಕೆಗಳನ್ನು ಹುಷಾರಾಗಿ ಆರಿಸು. ಎರಡನೇದು, ಅವು ಫಲ ಕೊಡೋವರೆಗೆ ಅಥವಾ ಆಯ್ಕೆಯೇ ತಪ್ಪು ಅಂತ ಖಚಿತವಾಗೋವರೆಗೆ, ವರ್ಷಗಟ್ಟಲೆ ಆದರೂ ಗಟ್ಟಿಯಾಗಿ ಹಿಡಿದುಕೊಂಡಿರು. ಮೂರನೇದು, ಒಟ್ಟಾರೆ ನಿಧಿ ಸಮತೋಲನದಲ್ಲಿರಲಿ; ಅಪಾಯಗಳು ಬೇರೆ ಬೇರೆ ಬಗೆಯವಾಗಿರಲಿ, ಸಾಧ್ಯವಾದರೆ ಒಂದಕ್ಕೊಂದು ವಿರುದ್ಧ ದಿಕ್ಕಿನವಾಗಿರಲಿ.

ಈ ಮೂರನೇ ಸೂತ್ರವೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು. ಹೂಡಿಕೆ ಹಂಚಬೇಕು ಅಂದ ತಕ್ಷಣ ನಾವು ಸಂಖ್ಯೆ ಎಣಿಸೋಕೆ ಶುರುಮಾಡ್ತೀವಿ. ಎಂಟು ಮ್ಯೂಚುವಲ್ ಫಂಡ್ ಇದೆ, ಇಪ್ಪತ್ತು ಷೇರು ಇದೆ, ಹಾಗಾಗಿ ಸೇಫ್ ಅಂತ. ಬೋರ್‌ವೆಲ್ ಇರೋ ರೈತರನ್ನು ಕೇಳಿ ನೋಡಿ. ಒಂದೇ ಟ್ರಾನ್ಸ್‌ಫಾರ್ಮರಿಗೆ ಎರಡು ಪಂಪ್‌ಸೆಟ್ ಹಾಕಿದರೆ ಭದ್ರತೆ ಎರಡು ಪಟ್ಟಾಗಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟ ದಿನ ಎರಡೂ ನಿಲ್ಲುತ್ತೆ. ಇಂಜಿನಿಯರಿಂಗ್‌ನಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಇದೂ ಒಂದು: ಬದಲಿ ವ್ಯವಸ್ಥೆ ಕೆಡೋ ಕಾರಣ ಬೇರೆಯಾಗಿರಬೇಕು. ಎಂಟು ಫಂಡುಗಳ ಒಳಗೂ ಅದೇ ದೊಡ್ಡ ಬ್ಯಾಂಕು, ಅದೇ ಐಟಿ ಕಂಪನಿಗಳೇ ಇದ್ದರೆ ಅದು ಎಂಟು ಅಲ್ಲ, ಒಂದೇ.

ನಮ್ಮ ಬಯಲುಸೀಮೆಯ ಹಳಬರಿಗೆ ಇದು ಗೊತ್ತಿತ್ತು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕೋದು ಅದಕ್ಕೇ. ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ರಾಗಿಗೆ ಮಳೆ ತಪ್ಪಿದ ವರ್ಷ ಹಿಂಗಾರಿನ ತೇವ, ಇಬ್ಬನಿಯಲ್ಲೇ ಅವರೆ ಕೈಹಿಡಿಯುತ್ತೆ. ಹತ್ತು ತಳಿ ರಾಗಿ ಹಾಕಿದರೆ ಈ ಗುಣ ಬರೋದಿಲ್ಲ.

ಕೇನ್ಸ್‌ನ ಅಕ್ಕಡಿ ಸಾಲು ಯಾವುದು ಅಂದರೆ, ಚಿನ್ನದ ಗಣಿ. ಆತನ ನಿಧಿಯಲ್ಲಿ ಆಸ್ಟಿನ್, ಲೇಲ್ಯಾಂಡ್ ಮೋಟಾರು ಕಂಪನಿಗಳ ಷೇರಿತ್ತು. ಆರ್ಥಿಕತೆ ಚೆನ್ನಾಗಿದ್ದರೆ ಇವು ಓಡುತ್ತವೆ. ಜೊತೆಗೆ ಯೂನಿಯನ್ ಕಾರ್ಪೊರೇಷನ್ ಎಂಬ ದಕ್ಷಿಣ ಆಫ್ರಿಕಾದ ಗಣಿ ಕಂಪನಿಯ ಷೇರನ್ನೂ ದೊಡ್ಡ ಪ್ರಮಾಣದಲ್ಲಿ ಇಟ್ಟುಕೊಂಡ. ಆರ್ಥಿಕ ಮುಗ್ಗಟ್ಟಿನಲ್ಲಿ ಉಳಿದೆಲ್ಲ ಸರಕಿನ ಬೆಲೆ ಬಿದ್ದರೂ ಚಿನ್ನದ ಬೆಲೆ ನಿಂತಿರುತ್ತೆ, ಗಣಿಯ ಖರ್ಚು ಇಳಿಯುತ್ತೆ, ಕರೆನ್ಸಿ ಅಪಮೌಲ್ಯವಾದರಂತೂ ಲಾಭ ಉಕ್ಕುತ್ತೆ. ಇಂಡಿಯಾ ಆಫೀಸಿನಲ್ಲಿ ಕೂತು ಭಾರತೀಯರ ಚಿನ್ನಕ್ಕೆ ಮೂಗು ಮುರಿದಿದ್ದವನು ಕಾಲೇಜಿನ ಕಷ್ಟಕಾಲಕ್ಕೆ ಅಂತ ಚಿನ್ನದ ನೆರಳಿಗೇ ಹೋದ. ವ್ಯತ್ಯಾಸ ಇಷ್ಟೇ, ಪೆಟ್ಟಿಗೆಯಲ್ಲಿಡಲಿಲ್ಲ, ಷೇರಿನ ರೂಪದಲ್ಲಿಟ್ಟ. ಆ ಲಾಭ ದಕ್ಷಿಣ ಆಫ್ರಿಕಾದ ಕಪ್ಪು ಕಾರ್ಮಿಕರ ಅಗ್ಗದ ದುಡಿಮೆಯ ಮೇಲೆ ನಿಂತಿತ್ತು ಅನ್ನೋದನ್ನೂ ಇಲ್ಲಿ ಸೇರಿಸಿಯೇ ಓದಬೇಕು.

ಫಲಿತಾಂಶ? 1922ರಿಂದ 1946ರವರೆಗೆ ಆತನ ವಿವೇಚನೆಯ ನಿಧಿ ವರ್ಷಕ್ಕೆ ಸರಾಸರಿ ಸುಮಾರು ಶೇ. 16ರಷ್ಟು ಗಳಿಸಿತು. ಬ್ರಿಟಿಷ್ ಷೇರುಪೇಟೆಯ ಸರಾಸರಿ ಸುಮಾರು ಶೇ. 10.4. ಮಹಾ ಕುಸಿತ ಮತ್ತು ಮಹಾಯುದ್ಧ ಎರಡೂ ಈ ಅವಧಿಯೊಳಗೇ ಬಂದವು. 30,000 ಪೌಂಡಿನಿಂದ ಶುರುವಾದ ಕಾಲೇಜಿನ ಮುಖ್ಯ ನಿಧಿ, ವರಮಾನವನ್ನು ಖರ್ಚು ಮಾಡುತ್ತಾ ಹೋದರೂ, ಆತ ಸಾಯೋ ಹೊತ್ತಿಗೆ ಸುಮಾರು 3.8 ಲಕ್ಷ ಪೌಂಡ್ ಆಗಿತ್ತು.

ಅದೇ ಮನುಷ್ಯ, ಬೇರೆ ಹುಂಡಿ

ಆದರೆ ಇದೇ ಬುದ್ಧಿವಂತಿಕೆ ಇನ್ನೊಂದು ಕಡೆ ನಡೆಯಲಿಲ್ಲ. 1921ರಿಂದ ಆತ ನ್ಯಾಷನಲ್ ಮ್ಯೂಚುವಲ್ ಎಂಬ ಜೀವವಿಮಾ ಸಂಸ್ಥೆಯ ಅಧ್ಯಕ್ಷನೂ ಆಗಿದ್ದ. 1937ರಲ್ಲಿ ಅಮೆರಿಕ ಮತ್ತೆ ಮುಗ್ಗರಿಸಿತು. ಆ ಒಂದೇ ವರ್ಷ ಸಂಸ್ಥೆಗೆ ಆದ ನಷ್ಟ 6,41,000 ಪೌಂಡ್. ಅದೇ ವರ್ಷ ಮೇ ತಿಂಗಳಲ್ಲಿ ಕೇನ್ಸ್‌ಗೆ ಹೃದಯಾಘಾತವೂ ಆಗಿತ್ತು. ಬೀಳೋ ಪೇಟೆಯಲ್ಲಿ ಎಲ್ಲರೂ ಹೆದರಿ ಮಾರೋದು ಜವಾಬ್ದಾರಿಯ ಲಕ್ಷಣ ಅಲ್ಲ, ಹಿಡಿದಿಟ್ಟುಕೊಳ್ಳೋದೇ ಗಂಭೀರ ಹೂಡಿಕೆದಾರನ ಕರ್ತವ್ಯ ಅಂತ ಹಾಸಿಗೆಯಿಂದಲೇ ವಾದಿಸಿದ. ಮಂಡಳಿ ಒಪ್ಪಲಿಲ್ಲ. 1938ರಲ್ಲಿ ರಾಜೀನಾಮೆ ಕೊಟ್ಟ. ಆತನ ಸ್ವಂತ ಆಸ್ತಿಯೂ ಆ ಕುಸಿತದಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿತ್ತು.

ಕಿಂಗ್ಸ್‌ನ ನಿಧಿಯೂ ಆಗ ಬಿದ್ದಿತ್ತು. ಆದರೆ ಕಾಲೇಜು ಕಾಯಿತು, ಗೆದ್ದಿತು. ವಿಮಾ ಸಂಸ್ಥೆಗೆ ಪಾಲಿಸಿದಾರರಿದ್ದರು, ಪ್ರತಿ ವರ್ಷ ಅವರ ಮುಂದೆ ಲೆಕ್ಕ ಒಪ್ಪಿಸಬೇಕಿತ್ತು. ಆಸ್ತಿ ಒಂದೇ ಬಗೆಯದು, ತಲೆ ಒಂದೇ, ಕಾಯುವ ಶಕ್ತಿ ಮಾತ್ರ ಬೇರೆ. ದುಡ್ಡನ್ನು ಎಲ್ಲಿಡಬೇಕು ಅನ್ನೋದನ್ನು ತೀರ್ಮಾನಿಸೋದು ಬರೀ ಧೈರ್ಯ ಅಲ್ಲ, ಆ ದುಡ್ಡು ಯಾವತ್ತು ಬೇಕಾಗುತ್ತೆ ಮತ್ತು ಅವತ್ತು ಕಡಿಮೆ ಬಿದ್ದರೆ ಯಾರು ತುಂಬಿಕೊಡ್ತಾರೆ ಅನ್ನೋದು.

1936ರ ಜನರಲ್ ಥಿಯರಿಯ ಹನ್ನೆರಡನೇ ಅಧ್ಯಾಯ ಓದಿದರೆ, ಪೇಟೆಯಲ್ಲಿ ಕೈ ಸುಟ್ಟುಕೊಂಡವನೇ ಬರೆದದ್ದು ಅಂತ ಗೊತ್ತಾಗುತ್ತೆ. ಷೇರುಪೇಟೆಯಲ್ಲಿ ಜನ ಕಂಪನಿಯ ಯೋಗ್ಯತೆ ಅಳೆಯೋದಿಲ್ಲ, ಉಳಿದವರು ಏನು ಅಂದುಕೊಳ್ತಾರೆ ಅನ್ನೋದನ್ನು ಊಹಿಸ್ತಾರೆ ಅಂತ ಅಲ್ಲಿ ವಿವರಿಸಿದ. ದೇಶದ ಬಂಡವಾಳ ಎಲ್ಲಿಗೆ ಹರಿಯಬೇಕು ಅನ್ನೋದು ಇಂಥ ಜೂಜಿನ ಉಪಉತ್ಪನ್ನ ಆಗಬಾರದು, ಹಾಗಾಗಿ ಪ್ರತಿ ವಹಿವಾಟಿನ ಮೇಲೆ ಗಟ್ಟಿ ತೆರಿಗೆ ಹಾಕೋದು ಒಳ್ಳೇದು ಅಂದ. ನಮ್ಮಲ್ಲಿ 2004ರಿಂದ ಇರೋ ಷೇರು ವಹಿವಾಟು ತೆರಿಗೆಯನ್ನು ಬೈಯೋರು, ಅಂಥ ತೆರಿಗೆಯ ದೊಡ್ಡ ವಕೀಲ ಸ್ವತಃ ಪೇಟೆಯಲ್ಲಿ ಲಕ್ಷಾಂತರ ಪೌಂಡ್ ಮಾಡಿದವನು ಅನ್ನೋದನ್ನು ಗಮನಿಸಬೇಕು.

ಇನ್ನೊಂದು ಹುಂಡಿ

ಇಲ್ಲಿಗೆ ನಿಲ್ಲಿಸಿದ್ದರೆ ಇದು ಹೂಡಿಕೆ ಗುರುವಿನ ಕತೆ ಆಗ್ತಿತ್ತು. ಆದರೆ 1940ರಲ್ಲಿ ಕೇನ್ಸ್ ಮತ್ತೆ ಖಜಾನೆಗೆ ಬಂದ, ಸಲಹೆಗಾರನಾಗಿ. ಯುದ್ಧದ ಖರ್ಚಿಗೆ ಆತನ ಪ್ರಸಿದ್ಧ ಸಲಹೆ: ಕಾರ್ಮಿಕರ ಸಂಬಳದ ಒಂದು ಭಾಗವನ್ನು ಈಗ ಹಿಡಿದಿಟ್ಟು, ಯುದ್ಧ ಮುಗಿದ ಮೇಲೆ ವಾಪಸ್ ಕೊಡೋದು. 1941ರ ಬಜೆಟ್‌ನಲ್ಲಿ ಇದರ ಒಂದು ರೂಪ ಜಾರಿಗೂ ಬಂತು. ವಾಪಸು ಕೊಟ್ಟು ಮುಗಿಯೋ ಹೊತ್ತಿಗೆ 1970ರ ದಶಕ ಬಂದಿತ್ತು, ಅಷ್ಟರಲ್ಲಿ ಹಣದುಬ್ಬರ ಅದರ ಬಹುಪಾಲನ್ನು ತಿಂದಿತ್ತು.

ಬ್ರಿಟಿಷ್ ಕಾರ್ಮಿಕನಿಗೆ ಆದದ್ದಕ್ಕಿಂತ ಎಷ್ಟೋ ದೊಡ್ಡದು ಭಾರತಕ್ಕೆ ಆಯ್ತು. ಬ್ರಿಟನ್ ತನ್ನ ಯುದ್ಧಕ್ಕೆ ಭಾರತದಿಂದ ಬಟ್ಟೆ, ಧಾನ್ಯ, ಸರಕು, ಸೈನಿಕರನ್ನು ತೆಗೆದುಕೊಂಡಿತು. ಅದರ ಬೆಲೆಯನ್ನು ಸರಕಾಗಲಿ ಚಿನ್ನವಾಗಲಿ ಕೊಟ್ಟು ತೀರಿಸದೆ, ಲಂಡನ್ನಿನಲ್ಲಿ ಭಾರತದ ಹೆಸರಿಗೆ ಪೌಂಡುಗಳಾಗಿ ಜಮಾ ಮಾಡಿತು. ಆ ಜಮಾದ ಆಧಾರದ ಮೇಲೆ ಇಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿ ನೋಟು ಮುದ್ರಿಸಿತು. ಸರಕು ಹೊರಗೆ ಹೋಯ್ತು, ನೋಟು ಒಳಗೆ ಬಂತು, ಬೆಲೆ ಗಗನಕ್ಕೇರಿತು. 1943ರ ಬಂಗಾಳದ ಬರಗಾಲಕ್ಕೆ ಈ ಯುದ್ಧಕಾಲದ ಹಣದುಬ್ಬರ ಹೇಗೆ ಕಾರಣವಾಯ್ತು ಅಂತ ಅಮರ್ತ್ಯ ಸೇನ್ ವಿವರಿಸಿದ್ದಾರೆ. ಕೂಲಿಯವನ ಕೈಯಲ್ಲಿ ಕಾಸಿತ್ತು, ಆ ಕಾಸಿಗೆ ಅಕ್ಕಿ ಸಿಗಲಿಲ್ಲ. ಸತ್ತವರು ಲಕ್ಷಗಟ್ಟಲೆ.

ಯುದ್ಧ ಮುಗಿಯೋ ಹೊತ್ತಿಗೆ ಲಂಡನ್ನಿನಲ್ಲಿ ಭಾರತದ ಜಮಾ ಸುಮಾರು 130 ಕೋಟಿ ಪೌಂಡ್, ಆಗಿನ ದರದಲ್ಲಿ 1,700 ಕೋಟಿ ರೂಪಾಯಿಗೂ ಮೇಲೆ. ಅಂದರೆ ಹಸಿದ ದೇಶವೊಂದರ ಒತ್ತಾಯದ ಉಳಿತಾಯ. ಅದೂ ಒಂದೇ ಬಗೆಯ ಆಸ್ತಿಯಲ್ಲಿ, ಒಂದೇ ಕರೆನ್ಸಿಯಲ್ಲಿ, ಸಾಲಗಾರನದೇ ಪೆಟ್ಟಿಗೆಯಲ್ಲಿ. ಬೇಕಾದಾಗ ತೆಗೆಯೋ ಹಾಗಿಲ್ಲ, ಡಾಲರ್‌ಗೆ ಬದಲಿಸೋ ಹಾಗಿಲ್ಲ, ಯಂತ್ರ ಕೊಳ್ಳೋ ಹಾಗಿಲ್ಲ. ಕಿಂಗ್ಸ್ ಕಾಲೇಜಿನ ದುಡ್ಡು ಇಂಥ ಸ್ಥಿತಿಯಲ್ಲಿ ಒಂದು ದಿನ ಇರೋದನ್ನೂ ಕೇನ್ಸ್ ಒಪ್ಪುತ್ತಿರಲಿಲ್ಲ.

1944ರ ಜುಲೈನಲ್ಲಿ ಬ್ರೆಟನ್ ವುಡ್ಸ್‌ನಲ್ಲಿ ಐಎಂಎಫ್, ವಿಶ್ವಬ್ಯಾಂಕ್‌ಗಳ ನೀಲನಕ್ಷೆ ತಯಾರಾಗ್ತಿದ್ದಾಗ, ಷಣ್ಮುಗಂ ಚೆಟ್ಟಿ, ಎ.ಡಿ. ಶ್ರಾಫ್, ಸಿ.ಡಿ. ದೇಶಮುಖ್ ಇದ್ದ ಭಾರತದ ನಿಯೋಗ ಈ ಪೌಂಡುಗಳ ಒಂದು ಭಾಗವನ್ನಾದರೂ ಹೊಸ ನಿಧಿಯ ಮೂಲಕ ಬೇರೆ ಕರೆನ್ಸಿಗೆ ಬದಲಿಸಿಕೊಡಿ ಅಂತ ಕೇಳಿತು. ಬ್ರಿಟನ್ ನಿಯೋಗದ ಮುಖ್ಯಸ್ಥ ಕೇನ್ಸ್, ಇದು ಸಾಲಗಾರ ಮತ್ತು ಸಾಲ ಕೊಟ್ಟವರು ತಮ್ಮೊಳಗೆ ಬಗೆಹರಿಸಿಕೊಳ್ಳಬೇಕಾದ ವಿಷಯ ಅಂತ ನಯವಾಗಿ ತಳ್ಳಿಹಾಕಿದ. ಬ್ರಿಟನ್ ಗೌರವದಿಂದ ತೀರಿಸುತ್ತೆ ಅನ್ನೋ ಭರವಸೆಯನ್ನೂ ಕೊಟ್ಟ. 1945ರಲ್ಲಿ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ತರೋ ಮಾತುಕತೆಗೆ ಹೋದಾಗ ಆತನ ಯೋಜನೆಯಲ್ಲಿ, ಸಾಲ ಕೊಟ್ಟ ದೇಶಗಳ ಪೌಂಡು ಜಮಾದಲ್ಲಿ ಒಂದು ಪಾಲನ್ನು ರದ್ದು ಮಾಡಿಸೋ ಪ್ರಸ್ತಾಪವೂ ಇತ್ತು.

ಭಾರತ ರದ್ದತಿಗೆ ಒಪ್ಪಲಿಲ್ಲ. ಸ್ವಾತಂತ್ರ್ಯದ ನಂತರ ಒಪ್ಪಂದಗಳ ಮೂಲಕ ಕಂತು ಕಂತಾಗಿ ದುಡ್ಡು ಬಂತು. ಆದರೆ ಯುದ್ಧಾನಂತರದ ಬೆಲೆ ಏರಿಕೆ ಅದನ್ನು ಸವೆಸಿತ್ತು. 1949ರ ಸೆಪ್ಟೆಂಬರ್‌ನಲ್ಲಿ ಪೌಂಡ್ 4.03 ಡಾಲರಿನಿಂದ 2.80ಕ್ಕೆ ಇಳಿದಾಗ, ಉಳಿದಿದ್ದ ಜಮಾದ ಡಾಲರ್ ಬೆಲೆ ರಾತ್ರೋರಾತ್ರಿ ಶೇ. 30ರಷ್ಟು ಹೋಯ್ತು. 1923ರಲ್ಲಿ ಬಾಂಡುದಾರರ ಪರವಾಗಿ ಆತನೇ ಬರೆದಿದ್ದ ಪಾಠ, ವಸಾಹತಿನ ಜನರ ಮೇಲೆ ಅಕ್ಷರಶಃ ನಡೆಯಿತು.

ಅದನ್ನು ನೋಡೋಕೆ ಆತ ಇರಲಿಲ್ಲ. ಅಮೆರಿಕದ ಮಾತುಕತೆಗಳಲ್ಲಿ ದಣಿದಿದ್ದ ಹೃದಯ 1946ರ ಏಪ್ರಿಲ್ 21ರಂದು, ಈಸ್ಟರ್ ಭಾನುವಾರ, ಸಸೆಕ್ಸ್‌ನ ಮನೆಯಲ್ಲಿ ನಿಂತಿತು. 62 ವರ್ಷ. ಪತ್ನಿ, ರಷ್ಯನ್ ಬ್ಯಾಲೆ ಕಲಾವಿದೆ ಲಿಡಿಯಾ ಲೊಪೊಕೋವಾ ಇದ್ದರು, ಮಕ್ಕಳಿರಲಿಲ್ಲ. ಬಿಟ್ಟುಹೋದ ಆಸ್ತಿ ಸುಮಾರು 4.8 ಲಕ್ಷ ಪೌಂಡ್. ಸೆಜಾನ್‌ನಂಥವರ ಚಿತ್ರಗಳು, ನ್ಯೂಟನ್ನನ ಹಸ್ತಪ್ರತಿಗಳು ಕಿಂಗ್ಸ್ ಕಾಲೇಜಿಗೆ ಹೋದವು. ಆತನ ಕೇಂಬ್ರಿಡ್ಜ್‌ನಲ್ಲಿ ಓದಿಬಂದ ವಿ.ಕೆ.ಆರ್.ವಿ. ರಾವ್ 1952ರಲ್ಲಿ, ಕೇನ್ಸ್‌ನ ಸೂತ್ರಗಳು ಭಾರತದಂಥ ಬಡ ದೇಶಕ್ಕೆ ಹಾಗೇ ಅನ್ವಯ ಆಗೋದಿಲ್ಲ ಅಂತ ತೋರಿಸಿದರು. ಬೆಂಗಳೂರಿನ ಐಸೆಕ್ ಕಟ್ಟಿದ್ದೂ ಅವರೇ.

ಕಾಯುವ ಶಕ್ತಿ ಯಾರದು?

ಈಗ ನಮ್ಮ ಜಗಳಕ್ಕೆ ಬರೋಣ. ಎನ್‌ಪಿಎಸ್ ಪರ ಇರೋರು ಹೇಳೋದು: ಷೇರು, ಕಂಪನಿ ಬಾಂಡ್, ಸರ್ಕಾರಿ ಸಾಲಪತ್ರ, ಹೀಗೆ ಹಂಚಿ ಹಾಕಿದರೆ ದೀರ್ಘಾವಧಿಯಲ್ಲಿ ಹಣದುಬ್ಬರವನ್ನು ಮೀರಿ ಬೆಳೆಯುತ್ತೆ. ಕೇನ್ಸ್‌ನ 22 ವರ್ಷ ಅದಕ್ಕೆ ಸಾಕ್ಷಿ, ಒಪ್ಪೋಣ. ಇಪಿಎಫ್‌ಒ ಕೂಡ 2015ರಿಂದ ಒಂದು ಪಾಲನ್ನು ಷೇರು ಇಟಿಎಫ್‌ಗಳಿಗೆ ಹಾಕ್ತಿದೆ. ಅದನ್ನು ಜೂಜು ಅಂತ ತಳ್ಳಿಹಾಕೋದು ಸರಿಯಲ್ಲ. ಬಾಂಡು ಮಾತ್ರ ಭದ್ರ ಅನ್ನೋ ನಂಬಿಕೆ ನೂರು ವರ್ಷದ ಹಿಂದೆಯೇ ಸುಳ್ಳಾಗಿದೆ.

ಆದರೆ ಕೇನ್ಸ್‌ನ ಅರ್ಧ ಬದುಕನ್ನು ಮಾತ್ರ ಓದಿದರೆ ಸಾಲದು. ಆತ ಗೆದ್ದದ್ದು ಸಾವಿಲ್ಲದ ಸಂಸ್ಥೆಯ ದುಡ್ಡಿನಲ್ಲಿ. ಒಬ್ಬ ಪ್ರಾಥಮಿಕ ಶಾಲೆ ಶಿಕ್ಷಕಿಗೆ 60 ತುಂಬುವ ತಿಂಗಳು ಮೊದಲೇ ಗೊತ್ತಿರುತ್ತೆ, ಆ ತಿಂಗಳು ಪೇಟೆ ಎಲ್ಲಿರುತ್ತೆ ಅನ್ನೋದು ಗೊತ್ತಿರಲ್ಲ. ವಯಸ್ಸಾದ ಹಾಗೆ ಷೇರಿನ ಪಾಲು ಇಳಿಸೋ ವ್ಯವಸ್ಥೆ ಎನ್‌ಪಿಎಸ್‌ನಲ್ಲೂ ಇದೆ. ಒಂಟಿ ಮನುಷ್ಯನಿಗೆ ಕಾಯುವ ಶಕ್ತಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತೆ ಅನ್ನೋದನ್ನು ಅದೇ ಒಪ್ಪಿಕೊಳ್ಳುತ್ತೆ. ಹಾಗಾದರೆ ಆ ಶಕ್ತಿ ಯಾರಿಗಿದೆ? ತಲೆಮಾರುಗಳಾಚೆ ಬದುಕೋ ಸಾಮೂಹಿಕ ನಿಧಿಗೆ, ಅದರ ಹಿಂದೆ ನಿಲ್ಲೋ ಸರ್ಕಾರಕ್ಕೆ.

ನನ್ನ ನಿಲುವು ಇದು. ಎಲ್ಲವನ್ನೂ ಮುಂದಿನ ಬಜೆಟ್‌ಗಳ ತಲೆಗೆ ಕಟ್ಟೋ ಹಳೇ ಪಿಂಚಣಿಯೂ ಉತ್ತರ ಅಲ್ಲ, ಅಪಾಯವನ್ನೆಲ್ಲ ನೌಕರರ ಹೆಗಲಿಗೆ ಹಾಕೋ ವ್ಯವಸ್ಥೆಯೂ ಅಲ್ಲ. ಎಲ್ಲರ ದುಡ್ಡೂ ಸೇರಿದ ನಿಧಿ ಇರಲಿ, ಅದು ಬೇರೆ ಬೇರೆ ಬಗೆಯ ಆಸ್ತಿಗಳಲ್ಲಿ ಹಂಚಿರಲಿ, ಇಂತಿಷ್ಟಕ್ಕಿಂತ ಪಿಂಚಣಿ ಇಳಿಯಲ್ಲ ಅನ್ನೋ ಖಾತ್ರಿಯನ್ನು ಸರ್ಕಾರ ಕೊಡಲಿ. 2025ರ ಏಪ್ರಿಲ್‌ನಿಂದ ಕೇಂದ್ರ ನೌಕರರಿಗೆ ಬಂದಿರೋ ಏಕೀಕೃತ ಪಿಂಚಣಿ ಆ ದಿಕ್ಕಿನ ಒಂದು ಹೆಜ್ಜೆ. ಆದರೆ ನೌಕರಿಯೇ ಖಾಯಂ ಇಲ್ಲದ ಗಿಗ್ ಕಾರ್ಮಿಕರು, ಆಶಾ ಕಾರ್ಯಕರ್ತೆಯರು ಅದರ ಹೊರಗಿದ್ದಾರೆ. ಹಾಗೆಯೇ ನಿಧಿಯನ್ನು ಎಲ್ಲಿ ಹೂಡಬೇಕು ಅಂತ ತೀರ್ಮಾನಿಸೋ ಮೇಜಿನಲ್ಲಿ ದುಡ್ಡಿನ ಒಡೆಯರಿಗೂ ಕುರ್ಚಿ ಇರಬೇಕು.

ಯಾಕಂದರೆ ಕೇನ್ಸ್ ಕಂಡ ಎರಡು ಹುಂಡಿಗಳ ನಡುವಿನ ದೊಡ್ಡ ವ್ಯತ್ಯಾಸ ಹೂಡಿಕೆಯ ಜ್ಞಾನದ್ದಲ್ಲ. ಕಿಂಗ್ಸ್ ಕಾಲೇಜಿನವರು ತಮ್ಮ ದುಡ್ಡು ಎಲ್ಲಿರಬೇಕು ಅಂತ ಕೂತು ಮಾತಾಡಿ ತೀರ್ಮಾನಿಸಿದರು. ಭಾರತದ ದುಡ್ಡು ಎಲ್ಲಿರಬೇಕು ಅಂತ ಭಾರತೀಯರನ್ನು ಯಾರೂ ಕೇಳಲಿಲ್ಲ.